ಸೋಗಿನ ಮಂತ್ರಿ

ಹಿರಿಯರು: ರಾಜಕೀಯ ನಾಯಕರ ಅಣಕು ಮುಖವಾಡ ಎಂದೊಡನೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಮುಖ ಕಣ್ಣಮುಂದೆ ಬರುತ್ತದೆ. ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಕುಮಟಾ, ಹೊನ್ನಾವರದ ಸೀಮೆಯಲ್ಲಿ ಆ ಕೆಲಸವನ್ನು ಬಹುಕಾಲ ಮಾಡಿಕೊಂಡು ಬಂದದ್ದು ಹಗರಣ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ನಡೆಯುವುದು ಫಾಲ್ಗುಣದ ಹೋಳಿ ಹುಣ್ಣಿಮೆಯ ಆಚೀಚೆ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ ಹಿಡಿದು, ಗುಮಟೆಯ ಪೆಟ್ಟಿಗೆ ಹೆಜ್ಜೆ ಹಾಕುವವರು ಸುಗ್ಗಿಯ ಮಕ್ಕಳು. ಅದೇ ದಿನಗಳಲ್ಲಿ ಹೊರಡುವ ಸೋಗುಗಳ ಗುಂಪು ಹಗರಣ. ಕುಣಿತ ದೇವರದು, ಹಗರಣ ಊರಿನದು.

ಕಿರಿಯರು: ಪತ್ರಿಕೆಯಲ್ಲಿ ಹಗರಣ ಅಂದರೆ ದುಡ್ಡು ತಿಂದ ಸುದ್ದಿ. ಇಲ್ಲಿ ಅದು ಆಟ. ಯಾವುದು ಮೊದಲು, ಮಾಸ್ತರ್ರೇ?

ಹಿರಿಯರು: ಆಟವೇ ಮೊದಲು, ತಮಾ. ಸಂಸ್ಕೃತದ ‘ಪ್ರಕರಣ’ ಕನ್ನಡಕ್ಕೆ ಬಂದು ‘ಪಗರಣ’ವಾಗಿ, ಪಕಾರ ಹಕಾರವಾಗಿ ‘ಹಗರಣ’ ಆಯಿತು ಎನ್ನುತ್ತಾರೆ. ನಾಟ್ಯಶಾಸ್ತ್ರದ ಹತ್ತು ರೂಪಕಗಳಲ್ಲಿ ಪ್ರಕರಣವೂ ಒಂದು. ಅದರ ಕಥೆ ಪುರಾಣದಿಂದ ಎತ್ತಿದ್ದಲ್ಲ, ಕವಿ ಕಟ್ಟಿದ್ದು. ಕನ್ನಡದಲ್ಲಿ ಪದಕ್ಕೆ ವೇಷ, ನಕಲಿ, ನಗೆಯಾಟ ಎಂಬ ಅರ್ಥ ಬಂತು. ಹನ್ನೆರಡನೇ ಶತಮಾನದ ಶರಣರ ನಡುವೆ ಬಹುರೂಪಿ ಚೌಡಯ್ಯ, ನಗೆಯ ಮಾರಿತಂದೆ ಎಂಬ ಹೆಸರುಗಳಿವೆ. ವೇಷ ಕಟ್ಟುವುದೂ ನಗಿಸುವುದೂ ಆಗಲೇ ಒಂದು ಕಾಯಕ. ಬೋಫೋರ್ಸ್ ಹಗರಣ 1987ರದು, ಷೇರು ಹಗರಣ 1992ರದು, ಮೇವು ಹಗರಣ 1996ರದು. ಪತ್ರಿಕೆಗಳು ಈ ಪದವನ್ನು ವೇಷ ಹಾಕಿದವನಿಂದ ಕಿತ್ತು, ವೇಷಕ್ಕೆ ವಸ್ತುವಾದವನಿಗೆ ಕೊಟ್ಟುಬಿಟ್ಟವು. ಸುಗ್ಗಿಯ ಊರುಗಳಲ್ಲಿ ಮಾತ್ರ ‘ಈ ಸಲ ಹಗರಣ ಚಲೋ ಆಯ್ತು’ ಎಂದು ಇನ್ನೂ ಸಂತೋಷದಿಂದ ಹೇಳಬಹುದು.

ಕಿರಿಯರು: ಹಗರಣಕ್ಕೆ ನಾಯಕರು ಬರುವ ಮೊದಲು ಯಾರಿದ್ದರು?

ಹಿರಿಯರು: ಕರಡಿ, ಹುಲಿ, ಬೇಟೆಗಾರ, ಕೊರವಂಜಿ, ಸೀರೆ ಉಟ್ಟ ಗಂಡಸು. ಜನಪದ ಅಣಕದ ಈ ಸಾಮಾನು ಎಲ್ಲ ಕಡೆಯೂ ಇದೆ. ಅದರ ಮೇಲೆ ಅಧಿಕಾರ ಬಂದು ಕೂತಿತು. ಕಾಲಕಾಲಕ್ಕೆ ರೈತನ ಬಾಗಿಲಿಗೆ ಬಂದ ಅಧಿಕಾರದ ಮುಖಗಳೇ ಸೋಗಿನ ಮುಖಗಳು: ಸಾಹೇಬ, ಪೋಲೀಸ, ಕಂದಾಯದವನು, ಆಮೇಲೆ ಮತ ಕೇಳುವವನು, ಮಂತ್ರಿ. ಗಮನಿಸಬೇಕಾದ್ದು ಒಂದಿದೆ. ಹಗರಣದ ಮಂತ್ರಿ ಸಾಮಾನ್ಯವಾಗಿ ಬರಿಯ ‘ಮಂತ್ರಿ’. ಬಿಳಿ ಟೋಪಿ, ದಪ್ಪ ಚೌಕಟ್ಟಿನ ಕನ್ನಡಕ, ಅಂಗಿಯೊಳಗೆ ತುರುಕಿದ ದಿಂಬು, ಕುತ್ತಿಗೆಯಲ್ಲಿ ಕ್ರೋಟನ್ ಎಲೆಯದೋ ಬದನೆಕಾಯಿಯದೋ ಮಾಲೆ. ಇಷ್ಟಾದರೆ ಆಳು ತಯಾರು. ಮೂಗು ಯಾರ ಮೂಗಿನಂತಿದೆ ಎಂದು ಯಾರೂ ಕೇಳುವುದಿಲ್ಲ.

ಕಿರಿಯರು: ಮುಖ ಬರೆಯಲು ಬಾರದ್ದಕ್ಕೆ ಹಾಗೆ ಮಾಡಿದ್ದಿರಬಹುದಲ್ಲ? ಕೌಶಲ ಇಲ್ಲದ್ದನ್ನು ಹಿರಿದಾಗಿ ಹೇಳಿದಂತಾಗುತ್ತದೆ.

ಹಿರಿಯರು: ಸ್ವಲ್ಪ ಮಟ್ಟಿಗೆ ಸರಿ. ಆದರೆ ನಾಯಕನ ಮುಖವೇ ಗೊತ್ತಿಲ್ಲದ ಕಾಲವೊಂದಿತ್ತು. ಹಾಲಕ್ಕಿಗಳ ಕೇರಿಯಾದ ಕೊಪ್ಪದ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ, ಟಿ.ವಿ. ಇರಲಿಲ್ಲ. ಮುಖದ ಹೋಲಿಕೆಯ ಅಣಕ ನಡೆಯಬೇಕಾದರೆ ನೋಡುವವನ ಮನಸ್ಸಿನಲ್ಲಿ ಅಸಲು ಮುಖ ಮೊದಲೇ ಇರಬೇಕು. ಇಂದಿರಾ ಗಾಂಧಿಯವರ ಕೂದಲಿನ ಬಿಳಿಪಟ್ಟೆ, ದೇವರಾಜ ಅರಸರ ಪೈಪು, ಇಂಥವು ಜನರ ಕಣ್ಣಿಗೆ ನಾಟಿದ ಮೇಲೆ ಆ ಹೆಸರಿನ ಸೋಗು ಸುಲಭ. ಅಲ್ಲೂ ಕೆಲಸ ಮಾಡುವುದು ಪಟ್ಟೆ ಮತ್ತು ಪೈಪು, ಇಡೀ ಮುಖ ಅಲ್ಲ. ವ್ಯಂಗ್ಯಚಿತ್ರಕಾರನೂ ಹೀಗೆಯೇ ಒಂದನ್ನು ಹಿಡಿದು ಉಬ್ಬಿಸುತ್ತಾನೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಚಿತ್ರ ಬರೆದ ‘ಕೊರವಂಜಿ’ ನಗೆಪತ್ರಿಕೆಯನ್ನು ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದರು. ಓದುಬಲ್ಲವರಿಗೆ ಅಂಥ ನಗೆಪತ್ರಿಕೆ ಏನೋ, ಸುಗ್ಗಿಯ ಕೇರಿಗೆ ಹಗರಣ ಅದು.

ಕಿರಿಯರು: ಆಗಿನ ಸರಕಾರ ಇದನ್ನು ಸುಮ್ಮನೆ ಬಿಟ್ಟಿತೇ? ಅಣಕಿಸಿದ್ದಕ್ಕೆ ಬ್ರಿಟಿಷರು ಜೈಲಿಗೆ ಹಾಕುತ್ತಿದ್ದರು ಎಂದು ಕೇಳಿದ್ದು.

ಹಿರಿಯರು: ಅದರ ಕಥೆ ಕಲ್ಕತ್ತೆಯಲ್ಲಿ ಶುರುವಾಗುತ್ತದೆ. 1876ರಲ್ಲಿ ವೇಲ್ಸಿನ ರಾಜಕುಮಾರ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ಮನೆಗೆ ಕರೆದು ಹೆಂಗಸರ ಒಳಮನೆಯಲ್ಲಿ ಸತ್ಕರಿಸಿದರು. ಗ್ರೇಟ್ ನ್ಯಾಷನಲ್ ಥಿಯೇಟರಿನವರು ಅದನ್ನು ‘ಗಜದಾನಂದ ಓ ಯುವರಾಜ್’ ಎಂಬ ಪ್ರಹಸನ ಮಾಡಿ ಆಡಿದರು. ಹೆಸರಿನ ಎರಡು ಅಕ್ಷರ ಅದಲುಬದಲು ಮಾಡಿದರೆ ಯಾರಿಗೆ ಗೊತ್ತಾಗುವುದಿಲ್ಲ? ಸರಕಾರ ಮೊದಲು ಸುಗ್ರೀವಾಜ್ಞೆ ತಂದು, ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆ ಮಾಡಿತು. ಮಾನಹಾನಿ ಮಾಡುವ, ಸರಕಾರದ ಮೇಲೆ ಅಸಮಾಧಾನ ಹುಟ್ಟಿಸುವ ಆಟವನ್ನು ನಿಲ್ಲಿಸುವ ಅಧಿಕಾರ ಅದರಿಂದ ಬಂತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1862ರಲ್ಲೇ ಮದರಾಸಿನಿಂದ ಆ ಕಡೆ ಸೇರಿಸಿದ್ದರು.

ಕಿರಿಯರು: ಅಂದಮೇಲೆ ಹಗರಣವೂ ಸಿಕ್ಕಿಬೀಳಬೇಕಿತ್ತು.

ಹಿರಿಯರು: ಬೀಳಲಿಲ್ಲ. ಸ್ವಾರಸ್ಯ ಇರುವುದು ಕಾಯ್ದೆಯ ಹನ್ನೆರಡನೇ, ಅಂದರೆ ಕೊನೆಯ ಕಲಮಿನಲ್ಲಿ. ಧಾರ್ಮಿಕ ಹಬ್ಬಗಳಲ್ಲಿ ನಡೆಯುವ ಜಾತ್ರಾ ಆಟಗಳಿಗೂ ಅದೇ ಬಗೆಯ ಪ್ರದರ್ಶನಗಳಿಗೂ ಈ ಕಾಯ್ದೆ ಅನ್ವಯಿಸದು ಎಂದು ಅಲ್ಲಿ ಬರೆದಿದೆ. ಟಿಕೀಟು ಹಚ್ಚಿ ಥಿಯೇಟರಿನಲ್ಲಿ ಆಡಿದರೆ ಪೋಲೀಸರು ಬರಬಹುದಿತ್ತು, ಹೋಳಿಯ ದಿನ ಕೇರಿಯಲ್ಲಿ ಆಡಿದರೆ ಆ ಕಾಯ್ದೆ ಹಿಡಿದು ಬರುವಂತಿರಲಿಲ್ಲ. ಹಬ್ಬದ ಹೆಸರಿನಲ್ಲಿ ಒಂದು ಕಿಟಕಿ ತೆರೆದೇ ಉಳಿಯಿತು. ಕಾಯ್ದೆ ಬರೆದವರಿಗೆ ಸುಗ್ಗಿ ಗೊತ್ತಿದ್ದಿರಲಿಕ್ಕಿಲ್ಲ, ಸುಗ್ಗಿಯವರಿಗೆ ಕಾಯ್ದೆ ಗೊತ್ತಿದ್ದಿರಲಿಕ್ಕಿಲ್ಲ. ಇಬ್ಬರ ತಿಳುವಳಿಕೆಯೂ ಒಂದೇ: ವರ್ಷಕ್ಕೆ ಕೆಲವು ದಿನ ನಗಲು ಪರವಾನಗಿ ಇರಬೇಕು. ಆ ಕಾಯ್ದೆಯನ್ನು ಸ್ವತಂತ್ರ ಭಾರತ ರದ್ದುಮಾಡಿದ್ದು 2018ರಲ್ಲಿ.

ಕಿರಿಯರು: ಅಧಿಕಾರಿಗಳ ಎದುರಿಗೇ ಕುಣಿಯುವ ಪದ್ಧತಿಯೂ ಉಂಟಲ್ಲ?

ಹಿರಿಯರು: ಅಂಕೋಲೆಯಲ್ಲಿ ಉಂಟು. ಬೆಳಂಬಾರದ ಹಾಲಕ್ಕಿಗಳ ಸುಗ್ಗಿ ಮೇಳ ತಾಲೂಕು ಕಚೇರಿಯ ಅಂಗಳದಲ್ಲಿ ಕುಣಿಯುತ್ತದೆ, ತಹಶೀಲ್ದಾರರು ಬರಮಾಡಿಕೊಳ್ಳುತ್ತಾರೆ. ಅಂಗಳ ಕಚೇರಿಯದು, ಆ ಹೊತ್ತಿನ ಯಜಮಾನಿಕೆ ಸುಗ್ಗಿಯದು. ಹಾಲಕ್ಕಿಗಳಿಗೆ ತಮ್ಮದೇ ಆಡಳಿತವೂ ಇದೆ: ಕೊಪ್ಪಕ್ಕೊಬ್ಬ ಗೌಡ, ಸಲಹೆಗೆ ಬುಧವಂತ, ಕರೆ ಮುಟ್ಟಿಸಲು ಕೋಲಕಾರ. ಇಂಥ ಕಟ್ಟುಪಾಡು ಇರುವಲ್ಲಿ ಅಣಕವೂ ದಿಕ್ಕೆಟ್ಟು ಓಡುವುದಿಲ್ಲ. ಇತ್ತ ಭಟ್ಕಳದಲ್ಲಿ ಹೋಳಿಗೆ ಗೊಂಡರ ಢಕ್ಕೆ ಕುಣಿತ ಇದೆ, ಅದರ ದಾರಿ ಬೇರೆ. ಗೋವೆಯ ಶಿಗ್ಮೋ ಸುಗ್ಗಿಯ ನೆರೆಮನೆಯದು. ಘಟ್ಟದ ಮೇಲೆ ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ಚಕ್ಕಡಿಯ ಮೇಲೆ ಪುರಾಣದ ಪಾತ್ರಗಳೂ ಈ ವರ್ಷದ ಸುದ್ದಿಯೂ ಒಟ್ಟಿಗೆ ಕೂತಿರುತ್ತವೆ.

ಕಿರಿಯರು: ಇಲ್ಲಿನ ಯಕ್ಷಗಾನವನ್ನು ಬಿಟ್ಟುಬಿಟ್ಟಿರಿ. ವೇಷ ಎಂದರೆ ಹೊನ್ನಾವರಕ್ಕೆ ಮೊದಲು ನೆನಪಾಗುವುದು ಅದೇ.

ಹಿರಿಯರು: ಬಿಡಲಾಗದು, ಆದರೆ ಅದರ ಸಂಬಂಧ ಅಡ್ಡದಾರಿಯದು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಆ ಪರಂಪರೆಯಲ್ಲಿ ಮುಖವನ್ನು ಬಣ್ಣದಿಂದ ಬರೆಯುತ್ತಾರೆ. ಮುಖವಾಡ ಬರುವುದು ಸಿಂಹವೋ ಹಂದಿಯೋ ಬೇಕಾದಾಗ, ಅಂದರೆ ಮನುಷ್ಯನ ಮುಖದಿಂದ ಕೆಲಸ ಆಗದಾಗ. ಕೌರವನಿಗೆ ಮುಖವಾಡ ತೊಡಿಸಿದರೆ ಅರ್ಥ ಹೇಳುವುದು ಯಾರು? ನಾಯಕರ ಅಣಕ ಇಲ್ಲಿ ಮುಖದಿಂದಲ್ಲ, ಹಾಸ್ಯಗಾರನ ಬಾಯಿಂದ ನುಸುಳುತ್ತದೆ. ದೂತನೋ ಬಾಗಿಲು ಕಾಯುವವನೋ ಆಗಿ ಬಂದು, ಹಸ್ತಿನಾವತಿಯ ರಸ್ತೆಯ ಹೊಂಡಗಳ ಬಗ್ಗೆ ಒಂದು ಮಾತು ಎಸೆದರೆ ಸಾಕು, ಯಾವ ರಸ್ತೆ ಎಂದು ಬಯಲಿನಲ್ಲಿ ಕೂತವರಿಗೆ ಹೊಳೆಯುತ್ತದೆ. ಹೊನ್ನಾವರದ ಕರ್ಕಿಯಲ್ಲಿ ಹಾಸ್ಯಗಾರ ಎಂಬುದು ಮನೆತನದ ಹೆಸರೇ ಆಗಿಬಿಟ್ಟಿದೆ.

ಕಿರಿಯರು: ಹಾಗಿದ್ದರೆ ಹಗರಣದಲ್ಲೂ ಬಣ್ಣವೇ ಸಾಕು, ಮುಖವಾಡ ಏಕೆ?

ಹಿರಿಯರು: ಎರಡೂ ಉಂಟು, ಎರಡರ ಗುಣವೂ ಬೇರೆ. ಪೂರ್ತಿ ಮುಖವಾಡ ಹಾಕಿದರೆ ಮಾತು ಒಳಗೇ ಗುಂಯ್‌ಗುಡುತ್ತದೆ. ಭಾವ ಒಂದೇ, ಬದಲಾಗದು. ನಗುವ ಮುಖದ ಮಂತ್ರಿ ಬೈಸಿಕೊಂಡರೂ ನಗುತ್ತಲೇ ಇರುತ್ತಾನೆ. ಅದೇ ಒಂದು ತಮಾಷೆ ಎನ್ನಿ. ಆದ್ದರಿಂದ ಮುಖವಾಡದವನು ಮೈಯಿಂದ ಆಡಬೇಕು: ಕೈ ಮುಗಿಯುವ ರೀತಿ, ಧೋತರದ ಚುಂಗು ಹಿಡಿಯುವ ರೀತಿ, ಜೀಪು ಇಳಿಯುವಾಗ ನೆಲ ನೋಡದೆ ಜನರನ್ನು ನೋಡುವ ರೀತಿ. ಮಾತಿನ ಜಾಣನಿಗೆ ಮೂಗಿನವರೆಗಿನ ಅರ್ಧ ಮುಖವಾಡ ಹೆಚ್ಚು ಅನುಕೂಲ. ಮೂಗು, ಹುಬ್ಬು, ಕನ್ನಡಕ ಅಷ್ಟೇ ಮುಖವಾಡದವು, ಬಾಯಿ ತನ್ನದು. ಫಾಲ್ಗುಣದ ಕರಾವಳಿಯ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಿರಿಯರು: ಕಾಗದದ ಮುಖವಾಡ ಮಾಡುವ ಕ್ರಮ ಹೇಳಬಹುದೇ? ನನ್ನಂಥ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಕಾಗದ ಕತ್ತರಿಸಿ ಗೊತ್ತು, ನೆನೆಸಿ ಗೊತ್ತಿಲ್ಲ.

ಹಿರಿಯರು: ಮೊದಲು ಜೇಡಿಮಣ್ಣಿನಲ್ಲಿ ಮುಖ ಮಾಡಬೇಕು. ಇಲ್ಲೇ ಅಣಕ ನಿರ್ಧಾರವಾಗುವುದು. ಮೂಗು ಉದ್ದ ಬೇಕೆಂದರೆ ಈಗಲೇ ಎಳೆಯಬೇಕು, ಕಾಗದ ಹಚ್ಚಿದ ಮೇಲೆ ಎಳೆಯಲಾಗದು. ಕೆನ್ನೆ, ಗಲ್ಲವನ್ನು ಅಸಲಿಗಿಂತ ಹೆಚ್ಚು ಉಬ್ಬಿಸಬೇಕು. ಕಾಗದದ ಪದರಗಳು ತಗ್ಗನ್ನು ತುಂಬಿ ಎಲ್ಲವನ್ನೂ ಮೆತ್ತಗೆ ಮಾಡುತ್ತವೆ, ಹಾಗಾಗಿ ಮಣ್ಣಿನಲ್ಲಿ ಕ್ರೂರವಾಗಿ ಕಂಡದ್ದು ಕಾಗದದಲ್ಲಿ ಹದವಾಗುತ್ತದೆ. ಮಣ್ಣಿನ ಮೇಲೆ ತೆಂಗಿನೆಣ್ಣೆ ಸವರಬೇಕು. ಮೊದಲ ಪದರಕ್ಕೆ ಬರಿ ನೀರಿನಲ್ಲಿ ನೆನೆಸಿದ ಕಾಗದ, ಅಂಟು ಬೇಡ. ಆಮೇಲಿನ ಐದಾರು ಪದರಕ್ಕೆ ಮೈದಾ ಗಂಜಿಯೋ ಹುಣಸೆಬೀಜದ ಅಂಟೋ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಮುಟ್ಟದು. ಹಳೆಯ ಪತ್ರಿಕೆಯನ್ನು ಕತ್ತರಿಯಿಂದ ಕತ್ತರಿಸಬಾರದು, ಕೈಯಿಂದ ಹರಿಯಬೇಕು. ಹರಿದ ಅಂಚು ಪಕ್ಕದ ತುಂಡಿನೊಡನೆ ಕೂಡಿಕೊಳ್ಳುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಮಣ್ಣು ಬಿಡಿಸಿ, ಕಣ್ಣು ಕೊರೆದು, ಮೇಲೆ ಸೇಡಿಯೋ ಸಫೇತವೋ ಬಳಿದು ಬಣ್ಣ ಹಚ್ಚಬೇಕು. ಅವಸರಕ್ಕೆ ಬೇಕಾದರೆ ಅಡಿಕೆ ಹಾಳೆ ಇದೆ. ನೆನೆಸಿದ ಹಾಳೆ ಬಗ್ಗುತ್ತದೆ, ಒಣಗಿದರೆ ಬಗ್ಗಿದಂತೆಯೇ ನಿಲ್ಲುತ್ತದೆ. ಮೂಗಿಗೆ ಬೇರೆ ತುಂಡು ಹೊಲಿದರಾಯಿತು.

ಕಿರಿಯರು: ಹೊರದೇಶದ ರಬ್ಬರ್ ಮುಖವಾಡದ ಕ್ರಮ ಇದರ ತಿರುವುಮುರುವು. ಅಲ್ಲೂ ಮೊದಲು ಮಣ್ಣಿನ ಮುಖ, ಆದರೆ ಅದರ ಮೇಲೆ ಪ್ಲಾಸ್ಟರ್ ಎರೆದು ಟೊಳ್ಳು ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ರಬ್ಬರ್ ಹಾಲು ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಪ್ಲಾಸ್ಟರ್ ನೀರು ಹೀರಿ ಗೋಡೆಗೆ ಪದರ ಕಟ್ಟುತ್ತದೆ. ಉಳಿದ ಹಾಲನ್ನು ಚೆಲ್ಲಿ, ಒಣಗಿಸಿ, ಕಾಲುಚೀಲ ಕಳಚಿದ ಹಾಗೆ ಎಳೆದು ತೆಗೆದು ಬಣ್ಣ ಹಚ್ಚುವುದು. ಒಂದು ಅಚ್ಚಿನಿಂದ ನೂರಾರು ತಲೆ. ಜಪಾನಿನ ಸೈತಾಮಾದ ಒಗಾವಾ ಸ್ಟುಡಿಯೋ 2016ರಲ್ಲಿ ಟ್ರಂಪ್ ಮುಖವಾಡವನ್ನು ಹೀಗೆ ಮಾಡಿ ಮಾರಿತು. ಇನ್ನು ಅಗ್ಗದ ತೆಳು ಪ್ಲಾಸ್ಟಿಕ್ ಮುಖವಾಡಕ್ಕೆ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆಯುತ್ತಾರೆ. ಮುಖದ ಮುಂಭಾಗ ಮಾತ್ರ. ಹಿಂದೆ ಇಲಾಸ್ಟಿಕ್ ದಾರ. ಸಿರ್ಸಿಯ ಮಾರಿಕಾಂಬಾ ಜಾತ್ರೆಯಂಥ ಕಡೆ ಮಕ್ಕಳಿಗೆ ಸಿಗುವ ಹನುಮಂತ, ಹುಲಿ, ರಾಕ್ಷಸ ಎಲ್ಲ ಈ ಜಾತಿಯವು.

ಹಿರಿಯರು: ರಬ್ಬರಿನ ನಾಯಕರಲ್ಲಿ ಅತಿ ಹೆಸರಾದವನು ಅಮೆರಿಕದ ಅಧ್ಯಕ್ಷ ನಿಕ್ಸನ್. ವಾಟರ್‌ಗೇಟ್ ಬಯಲಾಗಿ 1974ರಲ್ಲಿ ಆತ ಕುರ್ಚಿ ಬಿಟ್ಟ, ಮುಖವಾಡದ ಅಂಗಡಿ ಬಿಡಲಿಲ್ಲ. ಜೋಲು ಕೆನ್ನೆ, ಮೇಲೆದ್ದ ಮೂಗಿನ ತುದಿ, ನೆರಳಿನಂತೆ ಕಾಣುವ ಗಡ್ಡ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ದಶಕಗಟ್ಟಲೆ ಅದು ಮಾರಾಟವಾಯಿತು. ಇಟಲಿಯ ವಿಯಾರೆಜಿಯೋದ ಮೆರವಣಿಗೆ 1873ರಿಂದ ನಡೆಯುತ್ತಿದೆ, 1925ರಿಂದ ಅಲ್ಲಿ ಕಾಗದದ ಭಾರಿ ಬೊಂಬೆಗಳು; ನಾಯಕರ ತಲೆ ಮನೆಯ ಮಾಡಿಗಿಂತ ಎತ್ತರ. ಅದೂ ಫೆಬ್ರವರಿ ಹೊತ್ತಿಗೇ, ಉಪವಾಸದ ದಿನಗಳ ಮೊದಲು. ಹಬ್ಬದ ನೆವದಲ್ಲಿ ನಗುವ ಬುದ್ಧಿ ಕುಮಟೆಗೊಂದೇ ಬಂದದ್ದಲ್ಲ.

ಕಿರಿಯರು: ಇಲ್ಲಿ ನಾಯಕರ ಮುಖ ಸಾವಿರಗಟ್ಟಲೆ ಅಚ್ಚಾದದ್ದು ಚುನಾವಣೆಗೆ. 2007ರ ಗುಜರಾತ್ ವಿಧಾನಸಭಾ ಚುನಾವಣೆಯಲ್ಲಿ ನರೇಂದ್ರ ಮೋದಿಯವರ ಮುಖವಾಡ ತೊಟ್ಟ ಬೆಂಬಲಿಗರು ದೇಶದ ಕಣ್ಣಿಗೆ ಬಿದ್ದರು. ಆಮೇಲೆ ಬೇರೆ ರಾಜ್ಯಗಳಲ್ಲಿ, ಬೇರೆ ಪಕ್ಷಗಳಲ್ಲಿ ಅದೇ ಚಾಳಿ. ಬಹಳಷ್ಟು ಬರಿ ದಪ್ಪ ಕಾಗದದವು: ಫೋಟೋ ಅಚ್ಚು ಹಾಕಿ, ಡೈಯಿಂದ ಕತ್ತರಿಸಿ, ಕಣ್ಣಿನ ತೂತು ಹೊಡೆದು ದಾರ ಕಟ್ಟಿದರೆ ಮುಗಿಯಿತು. ಚುನಾವಣಾ ಆಯೋಗದ ನಿಯಮದಲ್ಲೂ ಇದಕ್ಕೆ ಜಾಗ ಇದೆ. ಮೆರವಣಿಗೆಯಲ್ಲಿ ಟೋಪಿ, ಮುಖವಾಡ, ಶಾಲು ಹಾಕಬಹುದು, ಖರ್ಚಿನ ಲೆಕ್ಕಕ್ಕೆ ಸೇರಿಸಬೇಕು. ಸೀರೆ, ಅಂಗಿ ಹಂಚಿದರೆ ಲಂಚ ಆದೀತು, ಹಂಚಬಾರದು.

ಹಿರಿಯರು: ವಿಷಯ ತಲೆಕೆಳಗಾದದ್ದು ಅಲ್ಲಿಯೇ. ಹಗರಣದ ಮುಖವಾಡವನ್ನು ನಾಯಕನಿಗೆ ಬೇಡವಾದವನು ತನ್ನ ಕೈಯಾರೆ ಮಾಡಿಕೊಳ್ಳುತ್ತಿದ್ದ. ಪ್ರಚಾರದ ಮುಖವಾಡವನ್ನು ನಾಯಕನ ಕಡೆಯವರೇ ಅಚ್ಚು ಹಾಕಿಸಿ ಹಂಚುತ್ತಾರೆ. ಅದರಲ್ಲಿ ಉಬ್ಬಿಸಿದ್ದು ಏನೂ ಇಲ್ಲ. ಸ್ಟುಡಿಯೋದಲ್ಲಿ ಬೆಳಕು ಹಿಡಿದು ತೆಗೆದ ಫೋಟೋ, ಸುಕ್ಕು ಅಳಿಸಿದ್ದು. ಒಂದರೊಳಗೆ ಒಬ್ಬ ಆಡುವವನು ಇರುತ್ತಾನೆ, ಇನ್ನೊಂದರೊಳಗೆ ಇರುವವನು ಯಾರಾದರೂ ನಡೆದೀತು.

ಕಿರಿಯರು: ಆದರೂ ಅಷ್ಟು ಕಠಿಣವಾಗಿ ಹೇಳಬೇಕಿಲ್ಲ ಮಾಸ್ತರ್ರೇ. ಒಂದೇ ಮುಖದವರು ಐವತ್ತು ಮಂದಿ ಸಾಲಾಗಿ ನಿಂತು ಬೀಡಿ ಸೇದುತ್ತಿದ್ದರೆ, ಹೊಗಳಲು ಮಾಡಿದ್ದೂ ಅಣಕವಾಗಿಬಿಡುತ್ತದೆ. ಮುಖವಾಡ ಹಣೆಯ ಮೇಲೆ ಸರಿಸಿ ಊಟದ ಪೊಟ್ಟಣ ಬಿಚ್ಚುವವನನ್ನು ನೋಡಿದರೆ ಹಗರಣಕ್ಕಿಂತ ಏನು ಕಡಿಮೆ? ಚುನಾವಣೆ ಮುಗಿದ ಮರುದಿನ ಅದೇ ಕಾಗದ ಮಕ್ಕಳ ಕೈಗೆ ಸಿಕ್ಕಿ, ಮೀಸೆ ಮೂಡಿ, ಹಲ್ಲು ಕಪ್ಪಾಗಿರುತ್ತದೆ.

ಹಿರಿಯರು: ಆ ಮಾತನ್ನು ಒಪ್ಪಬೇಕು. ಮೀಸೆ ಬರೆದ ಮಗುವೇ ಅಲ್ಲಿ ಹಗರಣದವನು. ಅಚ್ಚಿನವನು ಬಿಟ್ಟ ಕೆಲಸವನ್ನು ಪೂರೈಸುತ್ತಾನೆ.

ಕಿರಿಯರು: ಹಳೆಯ ಸುಗ್ಗಿಯ ಮುಖವಾಡಗಳು ಎಲ್ಲಾದರೂ ಉಳಿದಿರಬಹುದೇ?

ಹಿರಿಯರು: ಕಷ್ಟ. ಕಾರಣ ಎರಡು. ಮಾಡಿದವರಿಗೇ ಉಳಿಸುವ ಮನಸ್ಸಿಲ್ಲ. ಬರುವ ವರ್ಷ ಬೇರೆ ಮಂತ್ರಿ, ಬೇರೆ ಸುದ್ದಿ. ತುರಾಯಿಗೆ ಇರುವ ಭಕ್ತಿ ಸೋಗಿನ ಮುಖಕ್ಕಿಲ್ಲ. ಇನ್ನೊಂದು ಈ ಕರಾವಳಿಯ ಹವೆ. ಜೂನಿನಿಂದ ನಾಲ್ಕು ತಿಂಗಳು ಮಳೆ. ಕಾಗದಕ್ಕೆ ಬೂಷ್ಟು, ಗೋಡೆಗೆ ತಾಗಿಸಿ ಇಟ್ಟರೆ ಒರಲೆ. ರಬ್ಬರಿಗೂ ಸುಖವಿಲ್ಲ. ಬಿಸಿಲು, ಗಾಳಿ ತಾಗಿ ಮೊದಲು ಅಂಟಂಟು, ಆಮೇಲೆ ಗಡುಸು, ಕೊನೆಗೆ ಒಡಕು. ಮಡಚಿ ಇಟ್ಟ ರಬ್ಬರ್ ಮುಖ ಮಡಿಕೆಯಲ್ಲೇ ಸೀಳುತ್ತದೆ. ಇಡುವುದಾದರೆ ಒಳಗೆ ಬಿಳಿ ಕಾಗದ ತುರುಕಿ ತಲೆಯ ಆಕಾರ ಕೊಟ್ಟು, ಕತ್ತಲೆಯಲ್ಲಿ, ಅಟ್ಟದಿಂದ ದೂರ ಇಡಬೇಕು; ಹೆಂಚಿನ ಮಾಡಿನ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಒಲೆ.

ಕಿರಿಯರು: ಹೊರದೇಶದ್ದು ಇಲ್ಲಿ ಸಿಕ್ಕರೆ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯ ದಾರಿಯಿಂದ ಬಂದಿರಬೇಕು. ಅದರ ಕಾಲ ಹೇಳುವುದು ಸುಲಭ. ಕತ್ತಿನ ಒಳಬದಿಯಲ್ಲಿ ತಯಾರಕರ ಹೆಸರು, ಕೆಲವೊಮ್ಮೆ ಇಸವಿ ಅಚ್ಚಾಗಿರುತ್ತದೆ. ಇಲ್ಲಿನ ಕಾಗದದ ಮುಖವಾಡಕ್ಕೆ ಅಂಥ ಗುರುತು ಎಲ್ಲಿ?

ಹಿರಿಯರು: ಅದರ ಒಳಗೇ ಇದೆ. ತಿರುಗಿಸಿ ಬೆಳಕಿಗೆ ಹಿಡಿದರೆ ಮೊದಲ ಪದರದ ಪತ್ರಿಕೆ ಓದಲು ಬರುತ್ತದೆ, ಅದಕ್ಕೆ ಅಂಟು ಹಚ್ಚಿಲ್ಲದ್ದರಿಂದ ಅಕ್ಷರ ಕೆಟ್ಟಿರುವುದಿಲ್ಲ. ಸಿನೆಮಾ ಜಾಹೀರಾತು, ಅಡಿಕೆ ಧಾರಣೆ, ಯಾವುದೋ ಮಂತ್ರಿಯ ಪ್ರವಾಸದ ಸುದ್ದಿ. ತಾರೀಕಿನ ತುಂಡು ಸಿಕ್ಕರೆ ಅದೃಷ್ಟ. ಆದರೆ ಅದು ಹೇಳುವುದು ಒಂದು ಕಡೆಯ ಗಡಿ ಮಾತ್ರ: ಮುಖವಾಡ ಆ ತಾರೀಕಿಗಿಂತ ಹಿಂದಿನದಲ್ಲ. ರದ್ದಿ ಕಾಗದ ಮನೆಯ ಮೂಲೆಯಲ್ಲಿ ಎಷ್ಟು ವರ್ಷ ಬಿದ್ದಿತ್ತೆಂದು ಹೊರಮುಖದ ಕನ್ನಡಕವನ್ನೋ ಟೋಪಿಯನ್ನೋ ನೋಡಿ ಅಂದಾಜು ಮಾಡಿಕೊಳ್ಳಬೇಕು.